ಸಿಎ ಗ್ರೂಪ್ 2 ಆಗಲಿಲ್ಲ, ಮುಂದೇನು? ಡೊಂಬಿವಲಿಯ ಒಬ್ಬ ಬಿಕಾಂ ಹುಡುಗಿಯ ಪ್ರಕರಣ

ಹಿನ್ನೆಲೆ

ಈ ಪ್ರಕರಣದ ಹುಡುಗಿಯನ್ನು ಸುಜಾತಾ ಎನ್ನೋಣ. ಹೆಸರು ಅದಲ್ಲ. ಗುರುತು ಸಿಗುವಂಥ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ.

ಊರು ಕುಂದಾಪುರದ ಕಡೆ. ಮನೆ ಡೊಂಬಿವಲಿ ಪೂರ್ವದಲ್ಲಿ. ಅಪ್ಪ ಠಾಣೆಯ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಾರೆ. ಹುಡುಗನಾಗಿದ್ದಾಗ ಮುಂಬೈಗೆ ಬಂದು, ಹಗಲು ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಹತ್ತನೇ ಕ್ಲಾಸ್ ಮುಗಿಸಿದವರು. ಆ ಕಾಲದಲ್ಲಿ ಹಾಗೆ ಓದಿದ ಹೋಟೆಲ್ ಹುಡುಗರಲ್ಲಿ ಕೆಲವರು ಬಿಕಾಂ ಮಾಡಿ ಬ್ಯಾಂಕ್ ಸೇರಿದರು, ಕೆಲವರು ಸಿಎ ಆದರು. ಇವರಿಗೆ ಆಗಲಿಲ್ಲ. ಮಗಳು ಕಾಮರ್ಸ್ ತಗೊಂಡ ದಿನವೇ ಮನೆಯಲ್ಲಿ ಸಿಎ ಅನ್ನುವುದು ನಿಶ್ಚಯವಾಗಿತ್ತು. ಹೋಟೆಲಿನ ಧಣಿಗಳು ಕೋಚಿಂಗ್ ಕ್ಲಾಸಿನ ಅರ್ಧ ಫೀ ಕೊಟ್ಟರು. ಇನ್ನರ್ಧಕ್ಕೆ ನಮ್ಮ ಸಂಘದ ವಿದ್ಯಾರ್ಥಿವೇತನ ಸೇರಿತು. ಸಂಘದಲ್ಲಿ ಅರ್ಜಿ ನೋಡುವವರಲ್ಲಿ ನಾನೂ ಒಬ್ಬ. ಹುಡುಗಿ ನನಗೆ ಗೊತ್ತಾದದ್ದು ಹಾಗೆ.

12ನೇ ಕ್ಲಾಸ್ ಮುಗಿದದ್ದು 2022ರಲ್ಲಿ. ಮುಂಬೈ ವಿಶ್ವವಿದ್ಯಾಲಯದ ಬಿಕಾಂಗೆ ಸೇರಿದಳು, ಜೊತೆಗೆ ಸಿಎಯ ಮೊದಲ ಹಂತವಾದ ಫೌಂಡೇಷನ್. ಮೊದಲ ಸಲ ಹೋಯಿತು. 2023ರ ಜೂನ್ ಪರೀಕ್ಷೆಯಲ್ಲಿ ಪಾಸ್. ಆ ವರ್ಷ ಊರಿಗೆ ಹೋದಾಗ ದೇವಸ್ಥಾನದಲ್ಲಿ ಸಿಕ್ಕವರೆಲ್ಲ "ಸಿಎ ಹುಡುಗಿ" ಎಂದೇ ಮಾತಾಡಿಸಿದರಂತೆ.

ಸಮಸ್ಯೆ ಎಲ್ಲಿ ಸಿಕ್ಕಿಕೊಂಡಿತು

ಸಿಎಯ ಎರಡನೇ ಹಂತವಾದ ಇಂಟರ್‌ಮೀಡಿಯೇಟ್‌ನಲ್ಲಿ ಆರು ಪೇಪರ್, ಮೂರು ಮೂರರ ಎರಡು ಗ್ರೂಪ್. ಪ್ರತಿ ಪೇಪರಿನಲ್ಲೂ 40 ಬರಬೇಕು, ಗ್ರೂಪಿನ ಒಟ್ಟು ಶೇ. 50 ಆಗಬೇಕು. 2024ರ ಮೇ ತಿಂಗಳಲ್ಲಿ ಎರಡೂ ಗ್ರೂಪ್ ಹೋದವು. ಸೆಪ್ಟೆಂಬರ್‌ನಲ್ಲಿ ಗ್ರೂಪ್ 1 ಆಯಿತು, ಗ್ರೂಪ್ 2 ಆಗಲಿಲ್ಲ. 2025ರ ಜನವರಿಯಲ್ಲಿ ಗ್ರೂಪ್ 2 ಮತ್ತೆ ಹೋಯಿತು. ಟಿವೈ, ಅಂದರೆ ಬಿಕಾಂನ ಮೂರನೇ ವರ್ಷದ ಪರೀಕ್ಷೆ ಎದುರಿಗಿತ್ತು. ಈ ಗಡಿಬಿಡಿಯಲ್ಲಿ ಎರಡನೇ ವರ್ಷದಲ್ಲಿ ಒಂದು ಕೆಟಿ, ಅಂದರೆ ಪಾಸಾಗದೆ ಬಾಕಿ ಉಳಿದ ವಿಷಯ, ಬೇರೆ ಬಿದ್ದಿತ್ತು. ಅದನ್ನೂ ತೀರಿಸಬೇಕಿತ್ತು.

ಹಿಂದಿನ ನಿಯಮ ಇದ್ದಿದ್ದರೆ ಕತೆ ಬೇರೆ ಆಗುತ್ತಿತ್ತು. ಆಗ ಒಂದು ಗ್ರೂಪ್ ಪಾಸಾದರೂ ಸಾಕು, ಆರ್ಟಿಕಲ್‌ಶಿಪ್, ಅಂದರೆ ಸಿಎ ಆಫೀಸಿನಲ್ಲಿ ಕೆಲಸ ಕಲಿಯುವ ತರಬೇತಿ, ಶುರು ಮಾಡಬಹುದಿತ್ತು. ಮೂರು ವರ್ಷದ ಕೆಲಸ, ಸಣ್ಣ ಸ್ಟೈಪೆಂಡ್, ನಡುವೆ ಇನ್ನೊಂದು ಗ್ರೂಪ್. 2023ರ ಜುಲೈಯಿಂದ ಹೊಸ ಪದ್ಧತಿ ಬಂತು. ಆರ್ಟಿಕಲ್‌ಶಿಪ್ ಎರಡೇ ವರ್ಷ, ಆದರೆ ಎರಡೂ ಗ್ರೂಪ್ ಪಾಸಾಗದೆ ಸೇರಿಸಿಕೊಳ್ಳುವುದಿಲ್ಲ. ಓದಲು ಬಿಡುವು ಸಿಗಲಿ ಎಂದು ಮಾಡಿದ್ದು, ತಪ್ಪೇನಿಲ್ಲ. ಆದರೆ ಗಲ್ಲೆಯ ಸಂಬಳದ ಮನೆಗೆ ಇದು ಭಾರ. ಪಾಸಾಗುವ ತನಕ ಹುಡುಗಿ ಮನೆಯಲ್ಲೇ. ಕೈಗೆ ಕೆಲಸವೂ ಇಲ್ಲ, ಕಾಸೂ ಇಲ್ಲ. ಈ ಬದಲಾವಣೆಯ ಪರಿಣಾಮ ಅವಳ ಅಪ್ಪನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. "ಪರಿಚಯದವರ ಮಗ ಒಂದು ಗ್ರೂಪ್ ಆದ ಕೂಡಲೇ ಆಫೀಸಿಗೆ ಹೋಗ್ಲಿಕ್ಕೆ ಶುರು ಮಾಡಿದ. ಇವಳು ಎಂತಕ್ಕೆ ಹೋಗೂದಿಲ್ಲ?" ಎಂದು ಅವರು ಕೇಳುತ್ತಿದ್ದರು. ಮಗಳ ಮೇಲೆ ಸೋಮಾರಿತನದ ಅನುಮಾನ.

ಮಾರ್ಚ್ ತಿಂಗಳ ಒಂದು ಭಾನುವಾರ ಮನೆಯವರು ಮೂವರೂ ಸಂಘದ ಹಾಲ್‌ಗೆ ಬಂದರು. ಕೇಳಿದ್ದು ಒಂದೇ: ಮೇ ತಿಂಗಳಿಗೆ ಮತ್ತೆ ಕೂರಬೇಕಾ, ಬಿಡಬೇಕಾ?

ನನ್ನ ಲೆಕ್ಕದಲ್ಲಿ ಅಷ್ಟಕ್ಕೇ ಉತ್ತರ ಕೊಟ್ಟರೆ ಪ್ರಯೋಜನವಿರಲಿಲ್ಲ. "ಬಿಟ್ಟು ಎಲ್ಲಿಗೆ" ಅನ್ನುವುದು ಗೊತ್ತಿಲ್ಲದವರು ಬಿಡುವುದಿಲ್ಲ, ಬಿಟ್ಟರೂ ಮನಸ್ಸು ಅಲ್ಲೇ ಇರುತ್ತದೆ. ಎಲ್ಲ ಸಲದ ಅಂಕಪಟ್ಟಿಗಳನ್ನು ತರಲು ಹೇಳಿದೆ. ನಪಾಸಾದವು ಮುಖ್ಯವಾಗಿ.

ಅಂಕಪಟ್ಟಿ ಹೇಳಿದ್ದು

ಒಂದರ ಕೆಳಗೆ ಒಂದು ಇಟ್ಟು ನೋಡಿದೆವು. ಕಾನೂನು ಪೇಪರ್ 58, ಆಮೇಲೆ 63. ತೆರಿಗೆ 49, ಆಮೇಲೆ 58. ಆಡಿಟಿಂಗ್ ಮೂರು ಸಲವೂ 55ರ ಮೇಲೆ. ಅಕೌಂಟಿಂಗ್ 36, ಆಮೇಲೆ 44, ಅಂದರೆ ಹೇಗೋ ದಾಟಿದ್ದು. ಗ್ರೂಪ್ 2ರ ಕಾಸ್ಟಿಂಗ್, ಅಂದರೆ ವೆಚ್ಚದ ಲೆಕ್ಕ, ಮಾತ್ರ 24, 27, 21. ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಇರುವ ಪೇಪರ್ ಮೂವತ್ತರ ಆಚೀಚೆ.

"ಕಾಸ್ಟಿಂಗ್ ಎಷ್ಟು ಓದಿದ್ದಿ?" ಎಂದೆ.

"ಅಂಕಲ್, ಜಾಸ್ತಿ ಓದಿದ್ದೇ ಅದು. ಬೆಳಿಗ್ಗೆ ಎದ್ದ ಕೂಡಲೇ ಅದೇ. ಲಾ ಎಲ್ಲ ರಾತ್ರಿ ಸುಮ್ನೆ ಓದೋದು."

ಆ ಮಾತು ನನಗೆ ಮುಖ್ಯ ಅನ್ನಿಸಿತು. ಓದದೆ ಕಡಿಮೆ ಬಂದರೆ ಓದಿಸಬಹುದು. ಎಲ್ಲಕ್ಕಿಂತ ಜಾಸ್ತಿ ಓದಿದ್ದರಲ್ಲಿ ಅಂಕ ಏರುವ ಬದಲು ಇಳಿಯುತ್ತಿದೆ, ಸುಮ್ಮನೆ ಓದಿದ್ದರಲ್ಲಿ 60 ಬರುತ್ತಿದೆ. ಹುಡುಗಿಗೆ ನಿಯಮ ಓದಿ ಅರ್ಥ ಮಾಡಿಕೊಳ್ಳುವ ಬುದ್ಧಿ ಇದೆ. ಸೆಕ್ಷನ್ ನಂಬರ್ ನಾಲಿಗೆ ತುದಿಯಲ್ಲಿ. ಒಂದು ಷರತ್ತು, ಅದಕ್ಕೊಂದು ಅಪವಾದ, ಆ ಅಪವಾದಕ್ಕೆ ಇನ್ನೊಂದು ವಿವರಣೆ, ಈ ಜಾಡು ಅವಳಿಗೆ ತಪ್ಪುವುದಿಲ್ಲ. ಕೆಟ್ಟ ಕಾಮರ್ಸ್ ವಿದ್ಯಾರ್ಥಿನಿಯಲ್ಲ ಅವಳು. ಕಾಮರ್ಸ್‌ನ ಬೇರೆ ಅರ್ಧಕ್ಕೆ ಸೇರಿದವಳು.

ಏನೇನು ನೋಡಿದೆವು

ಕಾಮರ್ಸ್ ಓದಿದವರಿಗೆ ದಾರಿ ಹೇಳುವವರು ಸಾಮಾನ್ಯವಾಗಿ ಪರೀಕ್ಷೆಗಳ ಹೆಸರು ಹೇಳುತ್ತಾರೆ. ಸಿಎ, ಸಿಎಸ್, ಸಿಎಂಎ, ಎಂಬಿಎ, ಬ್ಯಾಂಕ್ ಪರೀಕ್ಷೆ. ನಾವು ಈ ಸಲ ಉದ್ಯಮಗಳಿಂದ ಶುರು ಮಾಡಿದೆವು. ಡೊಂಬಿವಲಿಯಿಂದ ಲೋಕಲ್‌ನಲ್ಲಿ ಒಂದೂವರೆ ಗಂಟೆಯೊಳಗೆ ಯಾವ ಯಾವ ಉದ್ಯಮ ಇದೆ, ಅಲ್ಲಿ ಬಿಕಾಂ ಆದವರು ದಿನವಿಡೀ ಏನು ಮಾಡುತ್ತಾರೆ?

ಬ್ಯಾಂಕ್ ಬೇಗ ಬಿದ್ದುಹೋಯಿತು. ಗುಮಾಸ್ತರ ನೇಮಕಕ್ಕೆ ಬೇಕಾದ ಮರಾಠಿ ಅವಳಿಗೆ ಚೆನ್ನಾಗಿ ಬರುತ್ತದೆ. ಆದರೆ ಪರೀಕ್ಷೆಯಲ್ಲಿ ಲೆಕ್ಕದ ಭಾರ ದೊಡ್ಡದು. ಆಕ್ಚುರಿ ಕೆಲಸ, ಅಂದರೆ ವಿಮೆಯ ಅಪಾಯ ಲೆಕ್ಕ ಹಾಕುವುದು, ಕೇಳಲು ಚೆನ್ನ, ಸಂಬಳವೂ ಚೆನ್ನ. ಆದರೆ ಅದು ಪೂರ್ತಿ ಗಣಿತ. ಇವಳು 11ನೇ ಕ್ಲಾಸಿನಲ್ಲಿ ಮ್ಯಾಥ್ಸ್ ಬಿಟ್ಟು ಎಸ್‌ಪಿ (ಸೆಕ್ರೆಟೇರಿಯಲ್ ಪ್ರಾಕ್ಟೀಸ್) ತಗೊಂಡಿದ್ದಳು. ಇಲ್ಲೊಂದು ಮಾತು. ಮಹಾರಾಷ್ಟ್ರದ ಜೂನಿಯರ್ ಕಾಲೇಜಿನಲ್ಲಿ ಎಸ್‌ಪಿಯಾ ಮ್ಯಾಥ್ಸಾ ಎಂದು ಕೇಳುವಾಗ ಮಕ್ಕಳು "ಯಾವುದು ಸುಲಭ" ಎಂದಷ್ಟೇ ನೋಡುತ್ತಾರೆ. ಆ ಒಂದು ಟಿಕ್‌ನಿಂದ ಯಾವ ಬಾಗಿಲು ಮುಚ್ಚುತ್ತದೆ ಎಂದು ಹದಿನೈದು ವರ್ಷದ ಮಗುವಿಗೆ ಯಾರು ಹೇಳುತ್ತಾರೆ?

ಸಿಎಸ್, ಅಂದರೆ ಕಂಪನಿ ಸೆಕ್ರೆಟರಿ, ಅವಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಪೂರ್ತಿ ಕಾನೂನು. ಪಾವತಿಯಾದ ಬಂಡವಾಳ 10 ಕೋಟಿ ಮುಟ್ಟಿದ ಕಂಪನಿಗೆ ಪೂರ್ಣಕಾಲಿಕ ಸಿಎಸ್ ಬೇಕೇ ಬೇಕು. ಕಂಪನಿಗಳ ಮುಖ್ಯ ಕಚೇರಿಗಳಿಗೆ ಮುಂಬೈಯಲ್ಲಿ ಬರವೂ ಇಲ್ಲ. ನಾನು ಇದನ್ನೇ ಒತ್ತಿ ಹೇಳಿದೆ. ಅವಳು ಬೇಡ ಎಂದಳು. "ಇನ್ನೊಂದು ಪರೀಕ್ಷೆಯ ರಿಸಲ್ಟ್ ಕಾಯೋಕೆ ನನ್ನಿಂದ ಆಗಲ್ಲ ಅಂಕಲ್." ಆ ದಣಿವು ನಿಜದ್ದು. ಒತ್ತಾಯ ಮಾಡಲಿಲ್ಲ.

ಉಳಿದವು ಮೂರು. ಮೂರನ್ನೂ ಕಣ್ಣಾರೆ ನೋಡಿಯೇ ತೀರ್ಮಾನ ಮಾಡಬೇಕು ಎಂದು ಒಪ್ಪಂದ. ಮೇ ತಿಂಗಳ ಪರೀಕ್ಷೆಗೆ ಫಾರ್ಮ್ ತುಂಬಲಿಲ್ಲ. ಟಿವೈ ಮತ್ತು ಕೆಟಿ ಮುಗಿಸಿಯೇ ಉಳಿದದ್ದು. ಅಪ್ಪನಿಗೆ ಇದು ಹಿಡಿಸಲಿಲ್ಲ, ಆದರೆ ಡಿಗ್ರಿಯೂ ಕೈತಪ್ಪಿದರೆ ಎಂಬ ಹೆದರಿಕೆ ಅವರಿಗೂ ಇತ್ತು.

ಮೊದಲನೆಯದು ಐರೋಳಿಯಲ್ಲಿ, ಮ್ಯೂಚುವಲ್ ಫಂಡ್‌ಗಳ ಲೆಕ್ಕ ಇಡುವ ಒಂದು ದೊಡ್ಡ ಆಫೀಸು. ಸಂಘದ ಒಬ್ಬ ಸದಸ್ಯರ ಮಗಳು ಅಲ್ಲಿದ್ದಾಳೆ. ಫಂಡಿನ ಎನ್‌ಎವಿ, ಅಂದರೆ ಒಂದು ಯೂನಿಟ್ಟಿನ ಆ ದಿನದ ಬೆಲೆ, ಅದೇ ರಾತ್ರಿ 11ರೊಳಗೆ ಹೊರಬೀಳಬೇಕು. ಹಾಗಾಗಿ ಬಿರುಸು ಶುರುವಾಗುವುದೇ ಮಾರುಕಟ್ಟೆ ಮುಚ್ಚಿದ ಮೇಲೆ. ಮಧ್ಯಾಹ್ನ ಹೋದರೆ ರಾತ್ರಿ ಕಂಪನಿಯ ಕ್ಯಾಬ್‌ನಲ್ಲಿ ವಾಪಸ್. ಎರಡು ಕಡೆಯ ಲೆಕ್ಕ ತಾಳೆಯಾಗದಿದ್ದರೆ ಎಲ್ಲಿ ತಪ್ಪಿತು ಎಂದು ಹುಡುಕುವುದೇ ಕೆಲಸ. ಬಿಕಾಂ, ಬಿಎಎಫ್, ಬಿಎಫ್‌ಎಂ ಥರದ ಕಾಮರ್ಸ್ ಡಿಗ್ರಿ ಓದಿದ ಮಕ್ಕಳು ಅಲ್ಲಿ ತುಂಬಾ ಇದ್ದಾರೆ. ಷೇರುಪೇಟೆಯ ನಿಯಂತ್ರಕ ಸೆಬಿ ಕಟ್ಟಿದ ಎನ್‌ಐಎಸ್‌ಎಂ ಸಂಸ್ಥೆಯ ಸರ್ಟಿಫಿಕೇಟ್ ಒಂದೆರಡು ಮಾಡಿಕೊಂಡವರಿಗೆ ಮುಂದೆ ಹೋಗಲು ಅನುಕೂಲ. ಸಂಬಳ ಶುರುವಿಗೆ 25 ಸಾವಿರದ ಹತ್ತಿರ ಎಂದರು. ಮೂರರಲ್ಲಿ ಅದೇ ಜಾಸ್ತಿ. ಸುಜಾತಾ ವಾಪಸ್ ಬಂದು ಹೇಳಿದ್ದು: "ಅವರೆಲ್ಲ ಸಂಖ್ಯೆ ನೋಡಿದ ಕೂಡಲೇ ಇದು ಸರಿಯಿಲ್ಲ ಅಂತಾರೆ. ನನಗೆ ಹಾಗೆ ಕಾಣೋದೇ ಇಲ್ಲ."

ಎರಡನೆಯದು ಧಣಿಗಳದ್ದೇ. ಅವರಿಗೆ ನಾಲ್ಕು ಹೋಟೆಲ್. ಅವುಗಳ ಲೆಕ್ಕಕ್ಕೆ ಒಬ್ಬರು ಬೇಕಿತ್ತು. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬ ಜಿಎಸ್‌ಟಿ ರಿಟರ್ನ್‌ಗಳು, ಸಾಮಾನಿನ ಬಿಲ್, ಸಂಬಳ, ಪಿಎಫ್. 18 ಸಾವಿರ ಕೊಡುತ್ತೇನೆ, ನಾಳೆಯಿಂದ ಬರಲಿ ಎಂದರು.

ಈ ಮಾತು ಕುಟುಂಬವನ್ನು ಒಂದು ವಾರ ಒದ್ದಾಡಿಸಿತು. ಫೀ ಕೊಟ್ಟವರು ಕರೆದಿದ್ದಾರೆ. ಅಪ್ಪ ಅವರ ಅನ್ನ ತಿಂದವರು. ಬೇಡ ಅನ್ನುವುದು ಹೇಗೆ? ನನ್ನ ಅಭಿಪ್ರಾಯ ಕೇಳಿದಾಗ ಒಂದೇ ಪ್ರಶ್ನೆ ಕೇಳಿದೆ: ಆ ಆಫೀಸಿನಲ್ಲಿ ಇವಳ ಮೇಲೆ ಯಾರಿದ್ದಾರೆ? ಯಾರೂ ಇಲ್ಲ. ಹೊರಗಿನ ಸಿಎ ತಿಂಗಳಿಗೊಮ್ಮೆ ಬಂದು ಸಹಿ ಹಾಕಿ ಹೋಗುತ್ತಾರೆ. 21 ವರ್ಷಕ್ಕೇ ಕಲಿಸುವವರು ಇಲ್ಲದ ಕುರ್ಚಿಯಲ್ಲಿ ಕೂತರೆ 31ಕ್ಕೂ ಅದೇ ಬಿಲ್ ಫೈಲ್ ಮಾಡುತ್ತಿರುತ್ತಾಳೆ. ಮೊದಲ ಕೆಲಸದಲ್ಲಿ ಸಂಬಳಕ್ಕಿಂತ ಮುಂಚೆ ಇದನ್ನು ನೋಡಬೇಕು ಅನ್ನುವುದು ನನ್ನ ಹಠ. ಎಲ್ಲರೂ ಒಪ್ಪಬೇಕಿಲ್ಲ.

ಗೇರುಬೀಜದ ಎರಡು ಪ್ಯಾಕೆಟ್

ಮೂರನೆಯದು ಸಿಬಿಡಿ ಬೇಲಾಪುರದ ಒಂದು ಕಸ್ಟಮ್ಸ್ ಬ್ರೋಕರ್ ಆಫೀಸು, ಅಂದರೆ ಆಮದು, ರಫ್ತು ಮಾಲಿನ ಕಸ್ಟಮ್ಸ್ ಕಾಗದಪತ್ರ ಮಾಡಿಕೊಡುವವರು. ಆ ಲೈನಿನಲ್ಲಿ ಇವರನ್ನು ಈಗಲೂ ಸಿಎಚ್‌ಎ (ಕಸ್ಟಮ್ ಹೌಸ್ ಏಜೆಂಟ್) ಎಂದೇ ಕರೆಯುತ್ತಾರೆ. ಹದಿನೈದು ಜನರ ಸಣ್ಣ ಸಂಸ್ಥೆ. ನಡೆಸುವವರು ಮಂಗಳೂರು ಕಡೆಯವರು. 1989ರಲ್ಲಿ ನ್ಹಾವಾ ಶೇವಾ ಬಂದರು ಶುರುವಾದ ಮೇಲೆ ಇಂಥ ಆಫೀಸುಗಳು ಬೇಲಾಪುರ, ನೆರೂಲ್, ವಾಶಿ ಸುತ್ತ ಎದ್ದವು. ಅದಕ್ಕೂ ಮೊದಲು ಎಲ್ಲ ಬಲ್ಲಾರ್ಡ್ ಎಸ್ಟೇಟಿನ ಕಸ್ಟಮ್ ಹೌಸ್ ಸುತ್ತ ಇತ್ತು. ಹೊರಗೆ ಹೋಗುವ ಮಾಲಿಗೆ ಶಿಪ್ಪಿಂಗ್ ಬಿಲ್, ಒಳಗೆ ಬರುವ ಮಾಲಿಗೆ ಬಿಲ್ ಆಫ್ ಎಂಟ್ರಿ. ಎರಡೂ ಈಗ ಐಸ್‌ಗೇಟ್ ಎಂಬ ಕಸ್ಟಮ್ಸ್‌ನ ಆನ್‌ಲೈನ್ ವ್ಯವಸ್ಥೆಯಲ್ಲೇ. ಆದರೆ ಕಂಪ್ಯೂಟರಿಗೆ ಏನು ತುಂಬಬೇಕು ಎಂದು ತೀರ್ಮಾನಿಸುವವನು ಮನುಷ್ಯ.

ಆ ದಿನ ಜೊತೆಗೆ ನಾನೂ ಹೋಗಿದ್ದೆ. ಅಲ್ಲಿನ ಹಿರಿಯರೊಬ್ಬರು ಟೇಬಲ್ ಮೇಲೆ ಎರಡು ಸ್ಯಾಂಪಲ್ ಪ್ಯಾಕೆಟ್ ಇಟ್ಟರು. ಒಂದು ಸಾದಾ ಗೇರುಬೀಜದ ತಿರುಳು. ಇನ್ನೊಂದು ಹುರಿದು ಉಪ್ಪು ಹಾಕಿದ್ದು. ಸರಕುಗಳ ಸುಂಕದ ಟಾರಿಫ್ ಪುಸ್ತಕ ಮುಂದೆ ತಳ್ಳಿ, "ಎರಡಕ್ಕೂ ಕೋಡ್ ಹುಡುಕು ನೋಡುವ" ಎಂದರು.

ಜಗತ್ತಿನ ಪ್ರತಿ ಸರಕಿಗೂ ಒಂದು ಎಚ್‌ಎಸ್ ಕೋಡ್ ಇದೆ. ಮೊದಲ ಆರು ಅಂಕಿ ಎಲ್ಲ ದೇಶಕ್ಕೂ ಒಂದೇ. ನಮ್ಮಲ್ಲಿ ಇನ್ನೆರಡು ಸೇರಿ ಎಂಟು. ಸುಜಾತಾ ಹಣ್ಣು, ಬೀಜಗಳ 8ನೇ ಅಧ್ಯಾಯ ತೆಗೆದು 0801 32 ಎಂದು ಬೇಗ ಹೇಳಿದಳು. ಎರಡಕ್ಕೂ ಅದೇ ಬರೆಯಬಹುದಿತ್ತು. ಎರಡೂ ಗೇರುಬೀಜವೇ ಅಲ್ವಾ? ಆದರೆ ಪೆನ್ ನಿಂತಿತು. ಹಿಂದಿನ ಪುಟಕ್ಕೆ ಹೋಗಿ ಅಧ್ಯಾಯದ ಮೊದಲಿಗಿರುವ ಟಿಪ್ಪಣಿ ಓದಿದಳು. ಆಮೇಲೆ 20ನೇ ಅಧ್ಯಾಯಕ್ಕೆ ಹಾರಿ ಅದರ ಟಿಪ್ಪಣಿ ಓದಿದಳು. ತುಂಬಾ ಹೊತ್ತು ಮಾತಿಲ್ಲ. ಕೊನೆಗೆ ಉಪ್ಪಿನ ಪ್ಯಾಕೆಟ್ ಮೇಲೆ ಬೆರಳಿಟ್ಟು, "ಇದು ಇಲ್ಲಿ ಬರಲ್ಲ. ಇದು 2008 19" ಎಂದಳು.

ಅದು ಸರಿ. ಹುರಿದು ಉಪ್ಪು ಹಾಕಿದ ಕೂಡಲೇ ಅದು ತಯಾರಿಸಿದ ಆಹಾರದ ಅಧ್ಯಾಯಕ್ಕೆ ಹೋಗುತ್ತದೆ. ಕೋಡ್ ತಪ್ಪಿದರೆ ರಫ್ತುದಾರನಿಗೆ ವಾಪಸ್ ಸಿಗಬೇಕಾದ ತೆರಿಗೆ, ಅಂದರೆ ಡ್ರಾಬ್ಯಾಕ್, ರೋಡ್‌ಟೆಪ್, ಅದರ ಲೆಕ್ಕವೆಲ್ಲ ತಪ್ಪುತ್ತದೆ. ಆಮೇಲೆ ನೋಟಿಸು, ಉತ್ತರ, ಓಡಾಟ. ಹಿರಿಯರು ನನ್ನ ಕಡೆ ನೋಡಿ, "ನಮ್ಮ ಹುಡುಗರಿಗೆ ಟಿಪ್ಪಣಿ ಓದಿ ಅಂತ ವರ್ಷಗಟ್ಟಲೆ ಹೇಳ್ಬೇಕಾಗ್ತದೆ" ಎಂದರು.

ಕಂಪನಿ ಕಾಯ್ದೆಯ ಸೆಕ್ಷನ್ ಓದಿ 63 ತೆಗೆದ ಅಭ್ಯಾಸವೇ ಇಲ್ಲಿ ಕೆಲಸ ಮಾಡಿತ್ತು. ಅವಳಿಗೂ ಅದು ಗೊತ್ತಾಯಿತು. ವಾಪಸ್ ಬರುವಾಗ ಠಾಣೆಯ ಟ್ರೇನಿನಲ್ಲಿ ಡೊಂಬಿವಲಿಯಿಂದ ಇಲ್ಲಿಗೆ ಪಾಸ್‌ಗೆ ಎಷ್ಟಾಗುತ್ತದೆ ಎಂದು ಕೇಳಿದಳು.

ನಿರ್ಧಾರ

ಸಂಬಳ 15 ಸಾವಿರ. ಮೂರರಲ್ಲಿ ಕಡಿಮೆ. ಅಪ್ಪನಿಗೆ ಸಿಟ್ಟು ಬಂತು. "ಸಿಎ ಬಿಟ್ಟು ಗೋದಾಮಿನ ಕೆಲಸವಾ? ಊರಲ್ಲಿ ಎಂತ ಹೇಳೂದು? ನೀವೇ ಹೇಳಿ ಮಾರಾಯ್ರೆ."

ಎರಡು ಮಾತು ಅವರನ್ನು ಒಪ್ಪಿಸಿದವು. ಒಂದು, ಇಲ್ಲಿ ಏಣಿ ಇದೆ. ಕಸ್ಟಮ್ಸ್ ಬ್ರೋಕರ್ ನಿಯಮಗಳ ಪ್ರಕಾರ ಸಾಮಾನ್ಯ ನೌಕರರಿಗೆ ಎಚ್ ಕಾರ್ಡ್. ಪರೀಕ್ಷೆ ಪಾಸಾದರೆ ಜಿ ಕಾರ್ಡ್, ಅದಿದ್ದವರು ಬ್ರೋಕರ್ ಪರವಾಗಿ ಸಹಿ ಹಾಕಬಹುದು. ಅದರ ಮೇಲೆ ಲೈಸೆನ್ಸಿನ ಪರೀಕ್ಷೆ. ಪಾಸಾದರೆ ಸ್ವಂತ ಆಫೀಸು ತೆಗೆಯಬಹುದು. ಹೋಟೆಲಿನವರಿಗೆ "ಸ್ವಂತದ್ದು" ಅನ್ನುವ ಮಾತು ಬೇಗ ಅರ್ಥವಾಗುತ್ತದೆ. ಎರಡು, ಗ್ರೂಪ್ 1 ಎಲ್ಲೂ ಹೋಗುವುದಿಲ್ಲ. ನೋಂದಣಿ ಚಾಲ್ತಿಯಲ್ಲಿ ಇರುವಷ್ಟು ಕಾಲ ಗ್ರೂಪ್ 2 ಬರೆಯುವ ಅವಕಾಶ ಇದ್ದೇ ಇದೆ. ಬಾಗಿಲು ಹಾಕಿ ಬೀಗ ಜಡಿಯಬೇಕಿಲ್ಲ.

ಉಲ್ವೆಯಲ್ಲಿ ಆಗ ವಿಮಾನ ನಿಲ್ದಾಣ ಏಳುತ್ತಿತ್ತು. ಡಹಾಣು ಹತ್ತಿರ ವಾಢವಣ್ ಬಂದರಿಗೆ 2024ರ ಆಗಸ್ಟ್‌ನಲ್ಲಿ ಶಂಕುಸ್ಥಾಪನೆ ಆಗಿತ್ತು. ಸರಕಿನ ಕೆಲಸ ಈ ಭಾಗದಲ್ಲಿ ಕಡಿಮೆಯಾಗುವ ಲಕ್ಷಣ ಇಲ್ಲ ಎಂದು ಅದನ್ನೂ ಹೇಳಿದೆ. ಅದಕ್ಕೆ ಅವರು ಅಷ್ಟಾಗಿ ಕಿವಿಗೊಡಲಿಲ್ಲ.

ಧಣಿಗಳ ಹತ್ತಿರ ಅಪ್ಪ ಹೋಗಲಿಲ್ಲ. ಸುಜಾತಾಳೇ ಹೋದಳು. ಅವರ ಕೆಲಸ ಯಾಕೆ ಬೇಡ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿ, ಫೀ ಹಣವನ್ನು ತಿಂಗಳು ತಿಂಗಳು ಕೊಡುತ್ತೇನೆ ಎಂದಳಂತೆ. ಅವರು ಹಣ ಬೇಡ ಎಂದರು. ಸ್ವಲ್ಪ ಬೇಜಾರೂ ಮಾಡಿಕೊಂಡರು. ಅದು ಸಹಜ. ಆ ಬೇಜಾರನ್ನು ಅಪ್ಪನ ಮೇಲೆ ತೋರಿಸಲಿಲ್ಲ ಅನ್ನುವುದು ಅವರ ದೊಡ್ಡತನ.

ಆಮೇಲೆ

ಬಿಕಾಂ ಮುಗಿಯಿತು, ಕೆಟಿಯೂ ತೀರಿತು. 2025ರ ಜೂನ್‌ನಲ್ಲಿ ಕೆಲಸಕ್ಕೆ ಸೇರಿದಳು.

ಶುರುವಿನ ತಿಂಗಳುಗಳು ಚೆನ್ನಾಗಿರಲಿಲ್ಲ. ಬಂದರಿನ ಪಕ್ಕದ ಸಿಎಫ್‌ಎಸ್‌ಗೆ, ಅಂದರೆ ಕಂಟೇನರ್ ಇಟ್ಟು ತಪಾಸಣೆ ಮಾಡುವ ಅಂಗಳಕ್ಕೆ, ಕಳಿಸಿದಾಗ ಅಲ್ಲಿ ಹೆಣ್ಣುಮಕ್ಕಳು ಕಡಿಮೆ. ಮಳೆಗಾಲ ಬೇರೆ. ಲಾರಿ ಡ್ರೈವರ್‌ಗಳ ಹತ್ತಿರ ಮರಾಠಿ, ಹಿಂದಿ ಎರಡೂ ಬೇಕು, ಗಟ್ಟಿ ದನಿಯೂ ಬೇಕು. ಒಮ್ಮೆ ಕಂಟೇನರ್ ತೂಕದ ಫಾರ್ಮಿನಲ್ಲಿ ನಂಬರಿನ ಎರಡು ಅಂಕಿ ಅದಲು ಬದಲು ಟೈಪ್ ಮಾಡಿದಳು. ಮಾಲು ಗೇಟ್‌ನಲ್ಲಿ ನಿಂತಿತು. ಸರಿ ಮಾಡಿಸುವಷ್ಟರಲ್ಲಿ ಕಟ್-ಆಫ್ ಸಮಯ ದಾಟಿ ಆ ಹಡಗು ತಪ್ಪಿತು. ಮಾಲು ಕಳಿಸಿದ ಪಾರ್ಟಿಯಿಂದ ಬೈಗುಳ, ಆಫೀಸಿಗೆ ದುಡ್ಡಿನ ಪೆಟ್ಟು. ಆ ವಾರ ಕೆಲಸ ಬಿಡುತ್ತೇನೆ ಎಂದು ನನಗೆ ಫೋನ್ ಮಾಡಿದ್ದಳು.

ಹಿರಿಯರು ಬೈಯುವ ಬದಲು ಕಂಟೇನರ್ ನಂಬರ್ ಹೇಗೆ ಕಟ್ಟುತ್ತಾರೆ ಎಂದು ತೋರಿಸಿದರು. ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಒಂದು ಚೆಕ್ ಡಿಜಿಟ್. ಮೊದಲ ಹತ್ತನ್ನು ಒಂದು ಸೂತ್ರದಲ್ಲಿ ಹಾಕಿದರೆ ಕೊನೆಯದು ಬರಬೇಕು. ಬರದಿದ್ದರೆ ಎಲ್ಲೋ ತಪ್ಪು ಟೈಪ್ ಆಗಿದೆ. ಅವಳು ಅದನ್ನು ಎಕ್ಸೆಲ್‌ನಲ್ಲಿ ಕೂರಿಸಿದಳು. ಈಗ ಆ ಆಫೀಸಿನಲ್ಲಿ ಎಲ್ಲರೂ ನಂಬರ್ ಅದರಲ್ಲಿ ಹಾಕಿ ನೋಡಿಯೇ ಮುಂದೆ ಕಳಿಸುವುದು. ಮೇಲೆ ಕಲಿಸುವವರು ಇರಬೇಕು ಎಂದು ನಾನು ಹಠ ಹಿಡಿದದ್ದು ಇಂಥದ್ದಕ್ಕೇ.

ಎಚ್ ಕಾರ್ಡ್ ಸಿಕ್ಕಿದೆ. ಜಿ ಕಾರ್ಡ್‌ಗೆ ಓದುತ್ತಿದ್ದಾಳೆ. ಪರೀಕ್ಷೆಯೇ ಬೇಡ ಎಂದವಳು ಈಗ ಕಸ್ಟಮ್ಸ್ ಕಾಯ್ದೆಯನ್ನು ಟ್ರೇನಿನಲ್ಲಿ ಓದುತ್ತಾಳೆ. ಅಪ್ಪ ಊರಿನಲ್ಲಿ "ಮಗಳು ಕಸ್ಟಮ್ಸ್‌ನಲ್ಲಿ" ಎಂದಷ್ಟೇ ಹೇಳುತ್ತಾರೆ. ಕೇಳಿದವರು ಸರ್ಕಾರಿ ಕೆಲಸ ಎಂದುಕೊಳ್ಳುತ್ತಾರೆ. ಅವರು ತಿದ್ದುವುದಿಲ್ಲ.

ಇದರಿಂದ ನಾವು ಬದಲಿಸಿದ್ದು

ಸಂಘದಲ್ಲಿ ಈಗ ಮಾರ್ಗದರ್ಶನಕ್ಕೆ ಬರುವವರಿಗೆ ಎಲ್ಲ ಸಲದ ಅಂಕಪಟ್ಟಿ ತರಲು ಹೇಳುತ್ತೇವೆ. ವಿದ್ಯಾರ್ಥಿವೇತನ ಕೊಡುವಾಗಲೇ ಸಿಎ ಹೊಸ ಪದ್ಧತಿಯಲ್ಲಿ ಸಂಪಾದನೆ ಯಾವಾಗ ಶುರುವಾಗುತ್ತದೆ ಎಂದು ಅಪ್ಪ, ಅಮ್ಮನನ್ನು ಕೂರಿಸಿ ವಿವರಿಸುತ್ತೇವೆ. ಸಾಧ್ಯವಾದರೆ ಒಂದು ದಿನ ಕೆಲಸದ ಜಾಗಕ್ಕೆ ಕಳಿಸುತ್ತೇವೆ. ಕಳಿಸುವಾಗ ಕೈಗೊಂದು ನಿಜವಾದ ಕೆಲಸ ಕೊಡಿ ಎಂದು ಅಲ್ಲಿನವರನ್ನು ಕೇಳಿಕೊಳ್ಳುತ್ತೇವೆ. ಸುಮ್ನೆ ಸುತ್ತಾಡಿಸಿ ಚಹಾ ಕುಡಿಸಿ ಕಳಿಸಿದರೆ ಏನೂ ತಿಳಿಯುವುದಿಲ್ಲ. ಐರೋಳಿ ಆಫೀಸಿನಲ್ಲಿ ಆದದ್ದು ಬಹುಮಟ್ಟಿಗೆ ಅದೇ. ಅಲ್ಲೂ ಒಂದು ಲೆಕ್ಕ ಕೈಗೆ ಕೊಟ್ಟಿದ್ದರೆ ಅವಳ ಉತ್ತರ ಬೇರೆ ಆಗುತ್ತಿತ್ತಾ ಎಂಬ ಅನುಮಾನ ನನಗೆ ಇನ್ನೂ ಇದೆ.

ಗ್ರೂಪ್ 2 ಆಗದವರೆಲ್ಲ ಬಿಡಬೇಕು ಎಂದು ಮಾತ್ರ ಇದನ್ನು ಓದಬೇಡಿ. ಅದೇ ಸಮಯದಲ್ಲಿ ಕಲ್ಯಾಣದ ಒಬ್ಬ ಹುಡುಗ ಬಂದಿದ್ದ. ಅವನಿಗೂ ಗ್ರೂಪ್ 1 ಆಗಿ ಗ್ರೂಪ್ 2 ಎರಡು ಸಲ ಹೋಗಿತ್ತು. ಅವನ ಕಾಸ್ಟಿಂಗ್ 29ರಿಂದ 38ಕ್ಕೆ ಏರಿತ್ತು, ಉಳಿದೆರಡು ಪೇಪರ್ 55ರ ಮೇಲೆ. ಇನ್ನೊಂದು ಸಲ ಕೂರು ಎಂದೆವು. ಮುಂದಿನ ಸಲವೇ ಪಾಸಾದ. ಈಗ ಫೋರ್ಟ್‌ನಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿದ್ದಾನೆ.